ಗೆರೆ ಬಟ್ಟೆಯ ತಕರಾರು

ಹೆಂಡತಿ: ಕತ್ತರಿ ಕೆಳಗಿಡಿ ಅಂದೆ.

ಟೈಲರ್: ಇಡಲ್ಲ. ಮಿಲ್ಲಿನವರು ಮಾಸ್ತರಿಗೆ ಟೋಪಿ ಹಾಕಿದ್ದಾರೆ ಕಣೇ. ಗೆರೆ ಎಲ್ಲಾ ಸೊಟ್ಟ. ಸೊಟ್ಟ ಇದ್ದ ಕಡೆ ನಾನೂ ಸೊಟ್ಟಗೆ ಕತ್ತರಿಸಿ ಸರಿ ಮಾಡ್ತೀನಿ.

ಮೇಜಿನ ಮೇಲೆ ಅಂಗಿಗೆಂದು ಶಾಲೆಯ ಮಾಸ್ತರು ತಂದ ನೀಲಿ ಗೆರೆಯ ಬಟ್ಟೆ ಹರಡಿತ್ತು. ಗುಂಡಿ ಹೊಲಿಯುತ್ತ ಕೂತಿದ್ದ ಹೆಂಡತಿಯ ಕಣ್ಣಿಗೆ ಗೆರೆಗಳೆಲ್ಲ ನೆಟ್ಟಗೇ ಇದ್ದವು. ಬೆಂಚಿನ ಮೇಲಿದ್ದ ಮಾಸ್ತರು ಜೀವ ಕೈಯಲ್ಲಿ ಹಿಡಿದುಕೊಂಡು ಕತ್ತರಿಯನ್ನೇ ನೋಡುತ್ತಿದ್ದರು.

ಮಾಸ್ತರು: ಅಂಗಡೀಲಿ ನೆಟ್ಟಗಿತ್ತಲ್ಲಪ್ಪಾ.

ಟೈಲರ್: ಅಂಗಡೀಲಿ ನೋಡಿದ್ದು ನಿಮ್ಮ ಹಳೇ ಕಣ್ಣು ಮಾಸ್ತರೇ. ಇದು ಹೊಸಾ ಲೆನ್ಸು.

ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಪಟ್ಟಿ ಬಿಚ್ಚಿದ ದಿನವೇ ಮೂಲೆಯ ಜೇಡರ ಬಲೆ, ಲೋಟದ ಜಿಡ್ಡು, ಕೊನೆಗೆ ಹೆಂಡತಿಯ ನರೆಗೂದಲು, ಎಲ್ಲವನ್ನೂ ಎತ್ತಿ ಆಡಿದ್ದ. ಇಂಥ ಕಣ್ಣಿಗಿಂತ ಪೊರೆಯೇ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿದ್ದುಂಟು.

ಹೆಂಡತಿ: ಸ್ಕೇಲ್ ಇಟ್ಟು ನೋಡಿ.

ಟೈಲರ್: (ಬಗ್ಗಿ) ಸ್ಕೇಲೂ ಸೊಟ್ಟ.

ಹೆಂಡತಿ: ಕಬ್ಬಿಣದ್ದು ಕಣ್ರೀ.

ಟೈಲರ್: ಇಸ್ತ್ರಿಪೆಟ್ಟಿಗೆ ಪಕ್ಕ ಇಟ್ಟಿದ್ದು ಯಾರು? ಕಾದು ಬಗ್ಗಿದೆ.

ಹೆಂಡತಿ: ಬಾಗಿಲ ಚೌಕಟ್ಟು?

ಟೈಲರ್: ಆ ಬಡಗಿ ಮೇಲೆ ನನಗೆ ಆವತ್ತೇ ಅನುಮಾನ ಇತ್ತು.

ಹೆಂಡತಿ: ಎದುರಿನ ಲೈಟು ಕಂಬ?

ಟೈಲರ್: ಸರ್ಕಾರಿ ಕೆಲಸ. ಕೇಳಬೇಕಾ?

ಮಾಸ್ತರು: ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ.

ಟೈಲರ್: ನೆಲಾನೂ ಡೊಂಕೇ ಮಾಸ್ತರೇ. ಸುಮ್ಮನೆ ಯಾಕೆ ಅಂತ ಹೇಳಿರಲಿಲ್ಲ.

ಹೆಂಡತಿ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಎದ್ದು ಬಂದಳು.

ಹೆಂಡತಿ: ಡಾಕ್ಟರಮ್ಮ ಆಪರೇಷನ್‌ಗೆ ಮುಂಚೇನೇ ಬಡ್ಕೊಂಡ್ರು. ಶುಗರ್ರು ಕಣ್ಣಿನ ಹಿಂದಿನ ಪರದೆಗೆ ತಟ್ಟಿದೆ, ಪೊರೆ ತೆಗೆದ ಮೇಲೆ ಅಲ್ಲಿ ಊತ ಜಾಸ್ತಿ ಆದರೂ ಆಗಬಹುದು, ಆಗ ನೆಟ್ಟಗಿರೋದೂ ಸೊಟ್ಟ ಕಾಣತ್ತೆ, ತಪ್ಪದೆ ಬಂದು ತೋರಿಸಿ ಅಂತ. ಹೋದ್ರಾ?

ಟೈಲರ್: ಚೆನ್ನಾಗಿರೋ ಕಣ್ಣನ್ನ ಏನಂತ ತೋರಿಸ್ಲಿ? ಹೋದ್ರೆ ಕಣ್ಣಿಗೇ ಸೂಜಿ ಚುಚ್ತಾರಂತೆ.

ಹೆಂಡತಿ: ಬೆಳಗಿಂದ ಸಂಜೆ ತನಕ ಸೂಜಿ ಹಿಡಿಯೋರಿಗೆ ಸೂಜಿ ಭಯ.

ಟೈಲರ್: ನಾನು ಚುಚ್ಚೋದು ಬಟ್ಟೆಗೆ. ಬಟ್ಟೆ ಅಯ್ಯೋ ಅನ್ನಲ್ಲ.

ಹೆಂಡತಿ: ಲೆನ್ಸು ಬಂತು, ಶುಗರ್ರು ಹೋಯ್ತು ಅಂತ ಟೀಗೆ ಸಕ್ಕರೆ ಸುರ್ಕೊಂಡಿದ್ದು ಯಾರು?

ಟೈಲರ್: ಕಿಟಕಿಗೆ ಹೊಸಾ ಗಾಜು ಹಾಕಿಸಿದ ಮೇಲೆ ಇನ್ನೇನು ತೊಂದರೆ?

ಹೆಂಡತಿ: ಒಳಗೆ ಗೋಡೆ ನೆನೀತಾ ಇದ್ರೆ ಗಾಜು ಏನು ಮಾಡತ್ತೆ?

ಮಾತಿಗೆ ಕಾಯದೆ ಅವಳು ಅವನ ಬಲಗಣ್ಣಿನ ಮೇಲೆ ಅಂಗೈ ಅಡ್ಡ ಹಿಡಿದಳು.

ಹೆಂಡತಿ: ಎಡಗಣ್ಣಲ್ಲಿ ನೋಡಿ ಈಗ.

ಟೈಲರ್: ಅದರಲ್ಲಿ ಇನ್ನೂ ಪೊರೆ ಇದೆ. ಎಲ್ಲಾ ಮಂಜು ಮಂಜು.

ಹೆಂಡತಿ: ಮಂಜು ಇರಲಿ. ಗೆರೆ?

ಅವನು ಬಟ್ಟೆ ನೋಡಿದ, ಸ್ಕೇಲು ನೋಡಿದ, ಕಂಬ ನೋಡಿದ.

ಟೈಲರ್: ನೆಟ್ಟಗಿದೆ.

ಮಾಸ್ತರು ಸದ್ದಿಲ್ಲದೆ ಬಟ್ಟೆ ಎಳೆದುಕೊಂಡು ಮಡಿಸಿದರು. ಹೆಂಡತಿಗೆ ಗೆದ್ದೆ ಅನ್ನಿಸಲಿಲ್ಲ. ನೆಟ್ಟಗೆ ಕತ್ತರಿಸುವ ಕಣ್ಣೊಂದನ್ನು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಆಸ್ತಿ ಇರಲಿಲ್ಲ.

ಹೆಂಡತಿ: ಯಾವಾಗಿಂದ ಹೀಗೆ?

ಟೈಲರ್: ಹೋದ ವಾರದಿಂದ. ಮೊದಲು ಕಂಡಿದ್ದು ನಿನ್ನ ಮುಖದಲ್ಲೇ. ಮೂಗು, ಬಾಯಿ ಎಲ್ಲಾ ಒಂದು ಕಡೆಗೆ ಎಳೆದ ಹಾಗಿತ್ತು.

ಹೆಂಡತಿ: ಆವಾಗ್ಲೇ ಬಾಯಿ ಬಿಡೋಕೆ ಏನಾಗಿತ್ತು?

ಟೈಲರ್: ನನ್ನ ಮೇಲಿನ ಸಿಟ್ಟಿಗೆ ಹಾಗೆ ಮಾಡ್ಕೊಂಡಿದ್ದೀಯ ಅಂದ್ಕೊಂಡೆ.

ಅವಳು ಅವನ ಕೈಯಿಂದ ಕತ್ತರಿ ಬಿಡಿಸಿಟ್ಟು ಚಪ್ಪಲಿ ಮೆಟ್ಟಿದಳು.

ಹೆಂಡತಿ: ಅದೊಂದು ಮಾತ್ರ ಸರಿಯಾಗೇ ಕಂಡಿದೆ. ನಡೀರಿ ಆಸ್ಪತ್ರೆಗೆ.