ಎದುರು ಕಟ್ಟೆಯವರೆಗಿನ ಬಸ್ರಾ ಪ್ರಯಾಣ

"ವೀಸಾ ಅಂದ್ರ ಏನಪಾ ಅದು? ಒಂದು ಶಿಕ್ಕಾ! ಶಿಕ್ಕಾ ಹೊಡಿಯಾಕ ಎಷ್ಟೊತ್ತು ಬೇಕು? ಮಸಿಗೆ ಅದ್ದು, ಕಾಗದಕ್ಕ ಗುದ್ದು, ಮುಗೀತು! ಈ ಸಲ ಪಂಚಮಿ ಉಂಡಿ ನಾ ಬಸ್ರಾದಾಗ ಕುಂತು ತಿಂತೀನಿ, ನೋಡಕೋತ ಇರು!"

ಹುಬ್ಬಳ್ಳಿಯ ಕಮರಿಪೇಟೆಯ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಯಮನಪ್ಪ ಹೀಗೆ ಘೋಷಿಸಿದಾಗ ಎದುರು ಮನೆಯ ಖಾಜಾಸಾಬ ತಲೆಯಾಡಿಸಿದ. ಯಮನಪ್ಪನ ಮುಂದೆ ತಲೆಯಾಡಿಸುವುದಷ್ಟೇ ಸಾಧ್ಯ. ಆತ ಅರಳೆಯ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಎಂಜಿನ್ ಮಿಸ್ತ್ರಿ. ಕೆಮ್ಮುವ ಎಂಜಿನ್ನಿಗೆ ಕಿವಿಯಿಟ್ಟು ಅದರ ರೋಗ ಹೇಳುವವ. ಜಗತ್ತಿನಲ್ಲಿ ಯಾವುದೇ ಕೆಲಸ ತಡವಾದರೂ ಎಲ್ಲೋ ಒಂದು ಕಡೆ ಎಣ್ಣೆ ಒಣಗಿರುತ್ತದೆ, ಅದು ಎಲ್ಲಿ ಎಂದು ಹುಡುಕಿ ಎರಡು ಹನಿ ಬಿಟ್ಟರಾಯಿತು ಎಂಬುದು ಅವನ ವೇದಾಂತ.

ಅವನ ಜೊತೆಗೇ ಕಬ್ಬಿಣ ಉಜ್ಜಲು ಕಲಿತ ಅಹಮದಸಾಬ ಈಗ ಸಮುದ್ರದಾಚೆಯ ಬಸ್ರಾದಲ್ಲಿ ನೀರೆತ್ತುವ ಪಂಪುಗಳ ಕಾರ್ಖಾನೆ ಇಟ್ಟಿದ್ದ. ಮಿಸ್ತ್ರಿಯ ಜಾಗ ಯಮನಪ್ಪನಿಗಾಗಿ ಖಾಲಿ ಇಟ್ಟಿರುವುದಾಗಿಯೂ, ದೀಪಾವಳಿಯವರೆಗೆ ಹಾದಿ ನೋಡಿ ಆಮೇಲೆ ಬೇರೆಯವನನ್ನು ಕೆಲಸಕ್ಕೆ ಹಚ್ಚಿಕೊಳ್ಳುವುದಾಗಿಯೂ ಹೇಳಿ ಕಳಿಸಿದ್ದ. ಯಮನಪ್ಪ ಅಂದಿನಿಂದ ನೆಲದ ಮೇಲೆ ನಡೆಯುವುದನ್ನು ಬಿಟ್ಟ. ನಲವತ್ತು ದಾಟಿದರೂ ಆತ ಗದಗಿನ ಆಚೆ ಹೋದವನಲ್ಲ. ಸಮುದ್ರ ನೋಡಿದವನಲ್ಲ. ಅಷ್ಟು ನೀರು ದಿನಾಲೂ ಏರುತ್ತದಂತೆ, ಇಳಿಯುತ್ತದಂತೆ. ಅದನ್ನು ತಳ್ಳುವ ಎಂಜಿನ್ ಯಾವುದು? ಇದೊಂದನ್ನು ಕಣ್ಣಾರೆ ನೋಡದೆ ಸಾಯಬಾರದೆಂದು ಅವನಿಗೆ ಬಹಳ ವರ್ಷಗಳಿಂದ ಆಸೆಯಿತ್ತು. ಪಾಸ್‌ಪೋರ್ಟು ಬಂದಿತ್ತು. ಅದರ ಮೇಲೆ ವೀಸಾದ ಶಿಕ್ಕಾ ಬೀಳಲೆಂದು ಮುಂಬೈಗೆ ಹೋಗಿತ್ತು.

ಹೆಂಡತಿ ಸತ್ಯವ್ವ ಮಾತ್ರ ಬರೀ ಶಿಕ್ಕಾ ನಂಬಿ ಕೂಡುವವಳಲ್ಲ. ಪಂಚಾಂಗದ ಅಯ್ಯನವರ ಹತ್ತಿರ ಹೋಗಿಬಂದಳು. ಅಯ್ಯನವರು ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ, ಬರುವ ಗುರುವಾರ ಮುಂಜಾನೆ ಬಿಟ್ಟರೆ ಸಮುದ್ರ ದಾಟುವವರಿಗೆ ಮುಂದೆ ಬಹಳ ದಿನ ಗಳಿಗೆ ಚೆನ್ನಾಗಿಲ್ಲ ಎಂದುಬಿಟ್ಟಿದ್ದರು.

"ಗುರುವಾರ ಹೆಂಗ ಹೋಗ್ಲಿ? ಪಾಸ್‌ಪೋರ್ಟ್ ಮುಂಬೈದಾಗ ಕುಂತೈತಿ!"

"ಅದು ಕುಂದರ್ಲಿ. ನಾವು ಪರಸ್ಥಾನ ಇಡೂಣ್ರಿ."

ಪ್ರಸ್ಥಾನವೆಂದರೆ ನಮ್ಮ ಹಿರಿಯರು ಗ್ರಹಗಳ ಕಣ್ಣಿಗೆ ಮಣ್ಣೆರಚಲು ಕಂಡುಹಿಡಿದ ಉಪಾಯ. ಒಳ್ಳೆಯ ಗಳಿಗೆಯಲ್ಲಿ ಹೊರಡಲಾಗದಿದ್ದರೆ, ಆ ಗಳಿಗೆಯಲ್ಲಿ ಪ್ರಯಾಣದ ಗಂಟನ್ನು ಬೇರೆಯವರ ಮನೆಗೆ ಸಾಗಿಸಿಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾಯಿತೆಂದು ಲೆಕ್ಕ. ಆಮೇಲೆ ಯಾವಾಗ ಹೋದರೂ ನಡೆಯುತ್ತದೆ. ಆದರೆ ಹೊರಬಿದ್ದ ಗಂಟು ಮತ್ತೆ ಒಳಗೆ ಬರಕೂಡದು.

"ಗಂಟಷ್ಟ ಅಲ್ರಿ, ನೀವೂ ಹೊರಬೀಳಬೇಕು," ಎಂದಳು ಸತ್ಯವ್ವ. "ನಮ್ಮ ಸೋದರಮಾವ ರಂಗೂನಕ್ಕ ಹೊಂಟಾಂವ ಛತ್ರಿ ಮರತೇನಿ ಅಂತ ಹೊಸ್ತಿಲಾ ದಾಟಿ ಒಳಗ ಬಂದಾ. ಹೋದಾಂವ ಇವತ್ತಿನ ತನಕಾ ಬಂದಿಲ್ಲ."

"ಆಗ್ಲಿ ಬಿಡು! ನಾಕ ದಿನದ ಮಾತು!"

ಗುರುವಾರ ಮುಂಜಾನೆ ಆರತಿಯಾಯಿತು. ಮೊಸರು ಸಕ್ಕರೆಯಾಯಿತು. ಓಣಿಯವರೆಲ್ಲ ನೆರೆದರು. ಯಮನಪ್ಪ ಟ್ರಂಕು ಹೊತ್ತು, ಬಸ್ರಾದ ದಿಕ್ಕಿಗೊಮ್ಮೆ ಗಂಭೀರವಾಗಿ ನೋಡಿ, ಓಣಿ ದಾಟಿ ಖಾಜಾಸಾಬನ ಮನೆ ಸೇರಿದ. ಮಹಾಯಾನ ಅಲ್ಲಿಗೆ ನಿಂತಿತು.

"ಬರ್ರಿ ಯಮನಪ್ಪಣ್ಣ, ಹಾದ್ಯಾಗ ತ್ರಾಸೇನೂ ಆಗಲಿಲ್ಲಲ್ಲ?" ಎಂದು ಕೇಳಿದಳು ಖಾಜಾಸಾಬನ ಹೆಂಡತಿ ಬಿಬಿಜಾನ.

ಆಮೇಲೆ ಶುರುವಾಯಿತು ನೋಡಿ ಫಜೀತಿ! ಟ್ರಂಕನ್ನು ಬಸ್ರಾದಲ್ಲೇ ಬಿಚ್ಚಬೇಕೆಂದು ಸತ್ಯವ್ವನ ಕಟ್ಟಪ್ಪಣೆ. ಕ್ಷೌರದ ಕತ್ತಿ ಟ್ರಂಕಿನಲ್ಲಿ, ಒಳ್ಳೆಯ ಧೋತರ ಟ್ರಂಕಿನಲ್ಲಿ, ಅಂಗಿಗಳೂ ಟ್ರಂಕಿನಲ್ಲಿ. ಯಮನಪ್ಪ ಗಡ್ಡ ಬಿಟ್ಟ. ಖಾಜಾಸಾಬನ ಲುಂಗಿ ಉಟ್ಟ, ಖಾಜಾಸಾಬನ ಅಂಗಿ ತೊಟ್ಟ. ರಾತ್ರಿ ಎದುರು ಕಟ್ಟೆಯ ಮೇಲೆ ಮಲಗಿದ. ಹೊತ್ತು ಹೊತ್ತಿಗೆ ಸತ್ಯವ್ವ ಓಣಿ ದಾಟಿ ರೊಟ್ಟಿ ಪಲ್ಯ ತಂದುಕೊಡುವಳು. ಅದು ಇಳಿಯುವ ಮೊದಲೇ ಬಿಬಿಜಾನ ಅತಿಥಿಯೆಂದು ಮತ್ತೆ ಉಣಬಡಿಸುವಳು. ಎರಡು ಮನೆಯ ಊಟ ಒಂದೇ ಹೊಟ್ಟೆಗೆ!

ಕಾರಹುಣ್ಣಿಮೆ ಹೋಯಿತು. ಪಂಚಮಿಯ ಉಂಡಿಯನ್ನು ಯಮನಪ್ಪ ಖಾಜಾಸಾಬನ ಕಟ್ಟೆಯ ಮೇಲೆ ಕುಳಿತು ತಿಂದ. ಗಣಪತಿ ಬಂದು ಕೆರೆಗೆ ಹೋದ. ಓಣಿಯವರಿಗೆ ಬೇರೆ ಮಾತೇ ಇರಲಿಲ್ಲ. ಶಿಕ್ಕಾ ಹೊಡೆಯಲು ಇಷ್ಟು ದಿನ ಯಾಕೆ ಬೇಕು?

"ಬಸ್ರಾದ ಬಾದಶಹಾ ಒಬ್ಬೊಬ್ಬರ ಹೆಸರಾ ತಾನ ಓದಿ ನೋಡತಿರಬೇಕು," ಎಂದ ಖಾಜಾಸಾಬ. "ಅವಗೂ ಕಣ್ಣು ನೋಯಂಗಿಲ್ಲೇನು?"

"ಅಲ್ರಿ, ಒಬ್ಬೊಬ್ಬರಿಗೆ ಒಂದೊಂದು ಶಿಕ್ಕಾ ಕೆತ್ತತಾರೇನೋ," ಎಂದಳು ಬಿಬಿಜಾನ. "ಕಟಿಗಿ ಒಣಗಬೇಕಲ್ಲ, ಮಳಿಗಾಲ ಬ್ಯಾರೆ."

ಯಮನಪ್ಪ ಇದ್ದಿಲು ತೆಗೆದುಕೊಂಡು ಖಾಜಾಸಾಬನ ಗೋಡೆಯ ಮೇಲೆ ಸರ್ಕಾರದ ಯಂತ್ರದ ಚಿತ್ರ ಬರೆದ. ಇದು ಮುಂಬೈ ಗಾಲಿ, ಇದು ಧಾರವಾಡದ ಗಾಲಿ, ನಡುವೆ ಪಟ್ಟಾ. "ಇಲ್ಲೆಲ್ಲೋ ಎಣ್ಣಿ ಒಣಗೈತಿ. ಎಲ್ಲಿ ಅನ್ನೂದ ತಿಳೀವಲ್ದು!" ಎನ್ನುತ್ತಾ ದಿನವಿಡೀ ಅದನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ, ಖಾಜಾಸಾಬನ ಲುಂಗಿಯಲ್ಲೇ ಗಾಡಿ ಹತ್ತಿ, ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟಿದ್ದ ಧಾರವಾಡದ ಕಚೇರಿಗೆ ಹೋದ.

ಅಲ್ಲಿನ ಗುಮಾಸ್ತರು ಬಹಳ ಮರ್ಯಾದಸ್ಥರು. ಕಾಗದಗಳ ಕಟ್ಟು ಬಿಚ್ಚಿ ನೋಡಿ ತಣ್ಣಗೆ ಹೇಳಿದರು:

"ಯಮನಪ್ಪ ಊರಾಗ ಇಲ್ಲರಿ. ಊರಾಗ ಮನಿ, ಹೆಂಡ್ತಿ ಅದಾರೋ ಇಲ್ಲೋ, ತಿರುಗಿ ಬರೋ ಪೈಕಿ ಹೌದೋ ಅಲ್ಲೋ ಅಂತ ವೀಸಾದವ್ರು ಕೇಳಿದ್ರು. ನಮ್ಮ ಪೋಲೀಸ್ರು ಮನಿಗೆ ಹೋಗಿ ವಿಚಾರಿಸಿ ಬಂದಾರ. ಬಸ್ರಾಕ್ಕ ಹೋಗ್ಯಾನಂತ."

"ನಾನ ಯಮನಪ್ಪರಿ!"

ಗುಮಾಸ್ತರು ಗಡ್ಡ ನೋಡಿದರು, ಲುಂಗಿ ನೋಡಿದರು. "ಹೌದೇನು? ಯಾವಾಗ ಬಂದ್ರಿ ಬಸ್ರಾದಿಂದ?"

"ಹೋಗೇ ಇಲ್ರಿ!"

"ಹೋಗೀರಿ ಅಂತ ವರದಿ ಅದ. ವೀಸಾ ಇಲ್ದ ಹೋಗಿ, ವೀಸಾ ಇಲ್ದ ತಿರುಗಿ ಬಂದು, ಈಗ ವೀಸಾ ಕೇಳಲಿಕ್ಕೆ ನಮ್ಮ ಮುಂದನ ನಿಂತೀರಿ. ಧೈರ್ಯ ಭಾಳ ಅದ ನಿಮಗ!"

ಯಮನಪ್ಪ ಅತ್ತ, ಕೈಮುಗಿದ, ಆಣೆ ಪ್ರಮಾಣ ಮಾಡಿದ. ಗುಮಾಸ್ತರ ಮನಸ್ಸು ಕರಗಿತು. "ಪೋಲೀಸ್ರನ್ನ ಮತ್ತೊಮ್ಮೆ ಕಳಸ್ತೀನಿ. ನಿಮ್ಮ ಮನಿಯೊಳಗ ನೀವು ಇರಬೇಕು. ಇದ್ರ ಶಿಕ್ಕಾ. ಇಲ್ಲಾಂದ್ರ ಈ ಅರ್ಜಿ ಮುಗೀತು."

ಯಮನಪ್ಪ ಹುಬ್ಬಳ್ಳಿಗೆ ಬಂದವನೇ ಓಣಿಯ ನಡುವೆ ನಿಂತು ಸತ್ಯವ್ವನ ಮೇಲೆ ಗುಡುಗಿದ. "ನಾ ಬಸ್ರಾಕ್ಕ ಹೋಗೇನಿ ಅಂತ ಪೋಲೀಸಗ ಹೇಳಿದ್ಯಂತ?"

"ಮತ್ತ? ಪರಸ್ಥಾನ ಇಟ್ಟ ಮ್ಯಾಲ ಮನ್ಯಾಗ ಅದಾರ ಅನ್ನಾಕ ಬರತೈತೇನ್ರಿ? ಹೋಗ್ಯಾರ ಅಂದೆ."

"ಆವಾಗ ನಾ ಎಲ್ಲಿದ್ದೆ?"

"ಅಲ್ಲೇ, ಎದುರು ಕಟ್ಟಿ ಮ್ಯಾಲ. ಗೊರಕಿ ಹೊಡ್ಯಾಕತ್ತಿದ್ರಿ."

ಎಣ್ಣೆ ಒಣಗಿದ್ದು ಮುಂಬೈಯಲ್ಲಲ್ಲ, ಧಾರವಾಡದಲ್ಲಲ್ಲ, ಯಮನಪ್ಪನ ಅಡುಗೆಮನೆಯಲ್ಲಿ! ಆತ ದಡದಡ ನಡೆದು ಬಾಗಿಲಿಗೆ ಬಂದ. ಸತ್ಯವ್ವ ಎರಡೂ ಕೈ ಅಡ್ಡ ಹಿಡಿದು ನಿಂತಳು.

"ಹೊಸ್ತಿಲಾ ದಾಟಬ್ಯಾಡ್ರಿ."

"ಒಳಗ ಇರಲಿಲ್ಲಾಂದ್ರ ಶಿಕ್ಕಾ ಇಲ್ಲ! ದೀಪಾವಳಿ ಬಂತು! ಬಸ್ರಾ ಹೋತು!"

"ನನಗೂ ಗೊತ್ತೈತ್ರಿ. ನಿಮಗ ಸಮುದ್ರ ನೋಡೋ ಆಸೆ ಐತಿ, ನೋಡ್ರಿ. ಆದ್ರ ನೋಡಿ ತಿರುಗಿ ಬರಬೇಕಲ್ಲ?" ಅವಳು ಕೈ ಇಳಿಸಲಿಲ್ಲ. "ನೀವು ತಿರುಗಿ ಬರಬೇಕು ಅಂತನ ನಾ ನಿಮ್ಮನ್ನ ಒಳಗ ಬಿಡವಲ್ಲೆ."

ಇಷ್ಟು ದಿನ ಅದನ್ನು ಮೂಢತನವೆಂದು ನಗುತ್ತಿದ್ದ ಯಮನಪ್ಪನಿಗೆ ಅದು ಅಂಜಿಕೆಯೆಂದು ಅಂದು ತಿಳಿಯಿತು. ಅವನ ಸಿಟ್ಟು ಇಳಿದು ಹೋಯಿತು. ಹೋಗಿ ಎದುರು ಕಟ್ಟೆಯ ಮೇಲೆ ಕುಳಿತ.

ದಾರಿ ತೋರಿಸಿದವಳು ಬಿಬಿಜಾನ. "ಸತ್ಯವ್ವಾ, ದಾಟಬಾರದ್ದು ಹೊಸ್ತಿಲಾ, ಹೌದಲ್ಲೋ? ನಿಮ್ಮ ಮಾಳಿಗಿ ಬೆಳಕಿಂಡಿಗೆ ಹೊಸ್ತಿಲಾ ಎಲ್ಲೈತಿ?"

ಸತ್ಯವ್ವ ಕತ್ತೆತ್ತಿ ಮಾಳಿಗೆ ನೋಡಿದಳು. "ಅಯ್ಯನವ್ರು ಬೆಳಕಿಂಡಿ ಮಾತಾ ಎತ್ತಿಲ್ಲ," ಎಂದು ಒಪ್ಪಿದಳು.

ದಸರಾ ಕಳೆದ ಮೇಲೆ ಒಂದು ಮುಂಜಾನೆ ಪೋಲೀಸ್ ದುರಗಪ್ಪ ಓಣಿಯ ತುದಿಯಲ್ಲಿ ಕಾಣಿಸಿದ. ಏಣಿ ಬಂತು, ಹಗ್ಗ ಬಂತು. ಯಮನಪ್ಪ ಮನೆಯ ಮಣ್ಣಿನ ಮಾಳಿಗೆ ಏರಿ ಅಡುಗೆಮನೆಯ ಬೆಳಕಿಂಡಿಗೆ ಕಾಲು ಇಳಿಬಿಟ್ಟ. ಕಾಲು ಸಲೀಸಾಗಿ ಹೋದವು, ತೊಡೆ ಹೋದವು. ಆದರೆ ಕಾರಹುಣ್ಣಿಮೆಗೂ ಮೊದಲಿನಿಂದ ಎರಡು ಮನೆಯ ಊಟ ಉಂಡ ಹೊಟ್ಟೆ ಬೆಳಕಿಂಡಿಯ ಬಾಯಿಗೆ ಬೆಣೆ ಹೊಡೆದಂತೆ ಕೂತುಬಿಟ್ಟಿತು! ಮೇಲೂ ಬಾರ, ಕೆಳಗೂ ಬಾರ!

"ಎಣ್ಣಿ ತಾ ಖಾಜಾಸಾಬ! ಎಣ್ಣಿ ಸುರಿ!"

ಖಾಜಾಸಾಬ ಕುಸುಬೆಣ್ಣೆಗೆ ಓಡಿದ. ಅಷ್ಟರಲ್ಲಿ ದುರಗಪ್ಪ ಒಳಗೆ ಬಂದ. ಸತ್ಯವ್ವ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ಯಮನಪ್ಪ ಅದಾನೇನು?"

ಸತ್ಯವ್ವ ತಲೆಯೆತ್ತಿ ಮೇಲೆ ನೋಡಿದಳು. ಸುಳ್ಳು ಹೇಳುವವಳಲ್ಲ. "ಅರ್ಧ ಅದಾರ್ರಿ."

ದುರಗಪ್ಪನೂ ಮೇಲೆ ನೋಡಿದ. ಎರಡು ಕಾಲು ಗಾಳಿಯಲ್ಲಿ ಒದ್ದಾಡುತ್ತಿದ್ದವು. "ಇವು ಯಾರ ಕಾಲು?"

"ನಮ್ಮ ಮನ್ಯಾರವ್ರಿ."

"ಮಾರಿ ಎಲ್ಲಿ?"

"ಮಾರಿ ಮಾಳಿಗಿ ಮ್ಯಾಲೈತ್ರಿ."

"ಕಾಲು ನೋಡಿ ಗುರ್ತು ಹೆಂಗ ಹಿಡೀಲವ್ವಾ? ಫೋಟೋದಾಗ ಮಾರಿ ಐತಿ!"

ಅದೇ ಹೊತ್ತಿಗೆ ಮೇಲೆ ಖಾಜಾಸಾಬ ಎಣ್ಣೆಯ ಗಡಿಗೆಯನ್ನೇ ಬೋರಲು ಹಾಕಿದ. ಒಂದು ಸದ್ದಾಯಿತು. ಬೆಳಕಿಂಡಿಯ ಸುತ್ತಲಿನ ಮಣ್ಣು, ಕಟ್ಟಿಗೆ, ಎಣ್ಣೆ, ಯಮನಪ್ಪ ಎಲ್ಲವೂ ಒಟ್ಟಿಗೆ ಬಂದು ಜೋಳದ ಹಿಟ್ಟಿನ ಬುಟ್ಟಿಯಲ್ಲಿ ಬಿದ್ದವು.

ಧೂಳು ಇಳಿದ ಮೇಲೆ ದುರಗಪ್ಪ ಫೋಟೋ ಹಿಡಿದು ಬಗ್ಗಿದ. "ಹೆಸರು?"

"ಯಮನಪ್ಪರಿ."

"ಎಲ್ಲಿರ್ತೀ?"

ಹಿಟ್ಟು ಮೆತ್ತಿದ ಮುಖ ಹೆಂಡತಿಯ ಕಡೆ ತಿರುಗಿತು. "ಇಲ್ಲೇರಿ. ಇದ ಮನ್ಯಾಗ."

ದುರಗಪ್ಪ ನಗು ತಡೆಯಲಾರದೆ ಗೋಡೆಗೆ ಒರಗಿದ. ಆದರೂ ಹಾಗೆಯೇ ಬರೆದುಕೊಂಡು ಹೋದ.

ಮಾಳಿಗೆಯ ತೂತು ಮುಚ್ಚುವ ಮೊದಲೇ ಪಾಸ್‌ಪೋರ್ಟು ಬಂತು. ಒಳಗೊಂದು ನೇರಳೆ ಬಣ್ಣದ ಶಿಕ್ಕಾ, ಒಂದು ಮೂಲೆ ಮಸಕು. ಓಣಿಯವರೆಲ್ಲ ಮುಟ್ಟಿ ನೋಡಿದರು. "ಇಷ್ಟನ?" ಎಂದ ಖಾಜಾಸಾಬ. ದೀಪಾವಳಿಗೆ ಬಸ್ರಾ ಮುಟ್ಟಬೇಕಾದರೆ ಮರುದಿನವೇ ಗಾಡಿ ಹತ್ತಬೇಕಿತ್ತು.

ಮರುದಿನ ಯಮನಪ್ಪ ಒಲೆಯ ಮುಂದೆ ಕುಳಿತ. ಏಳಲಿಲ್ಲ. ಟ್ರಂಕಿನ ಚಿಲಕ ಸರಿಯಿಲ್ಲ ಎಂದ. ಮಾಳಿಗೆ ಸೋರೀತು ಎಂದ. ಬಿಸಿ ರೊಟ್ಟಿ ಮತ್ತೊಂದು ಹಾಕು ಎಂದ. ಖರೇ ಹೇಳಬೇಕೆಂದರೆ ಆತನಿಗೆ ಅಂಜಿಕೆಯಾಗಿತ್ತು. ಇಷ್ಟು ದಿನ ಸರ್ಕಾರವನ್ನು ಬೈಯುವುದರಲ್ಲಿ ಅದು ಅವನ ಗಮನಕ್ಕೇ ಬಂದಿರಲಿಲ್ಲ. ಅಷ್ಟು ನೀರು! ಅಷ್ಟು ದೂರ! ಅಲ್ಲಿ ಈ ಒಲೆಯಿಲ್ಲ, ಇವಳಿಲ್ಲ.

"ಏಳ್ರಿ, ಗಾಡಿ ಹೊತ್ತಾತು," ಎಂದಳು ಸತ್ಯವ್ವ. "ಮಾಳಿಗಿ ಹರಕೊಂಡು ಬಿದ್ರೂ ನಿಮ್ಮ ಮೈಗೆ ಒಂದು ಗೀರು ಬರಲಿಲ್ಲ. ಅವತ್ತ ನನ್ನ ಅಂಜಿಕಿ ಹೋತು. ನಿಮಗ ಏನೂ ಆಗೂದಿಲ್ಲ."

ಯಮನಪ್ಪ ಮತ್ತೊಂದು ತುತ್ತು ರೊಟ್ಟಿ ಮುರಿದ. "ಅಲ್ಲಾ... ಅಯ್ಯನವ್ರನ್ನ ಒಂದು ಮಾತು ಕೇಳಿ ಬಾ. ಇವತ್ತ ಗಳಿಗಿ ಛಲೋ ಐತೋ ಇಲ್ಲೋ... ನಾಕ ದಿನಾ ತಡದ್ರೂ..."

ಸತ್ಯವ್ವ ಅವನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಕೈಗೆ ಮೆತ್ತಿದ್ದ ಹಿಟ್ಟು ತೊಳೆದು, ಸೆರಗು ಬಿಗಿದು, ಪಾಸ್‌ಪೋರ್ಟನ್ನು ಅವನ ಕೈಯಿಂದ ಕಸಿದುಕೊಂಡು ಹೊರಗೆ ನಡೆದಳು.

"ಬಿಬಿಜಾನಕ್ಕಾ, ಟ್ರಂಕಾ ಹೊರಗ ಇಡು! ಸರ್ಕಾರದವ್ರ ವಿಚಾರಣಾ ಮುಗೀತು, ಇವರದು ಈಗ ಶುರು ಆಗೇತಿ! ಇವರು ರೊಟ್ಟಿ ಬಡಕೋತ ಮನ್ಯಾಗ ಇರ್ಲಿ, ಬಸ್ರಾಕ್ಕ ನಾನ ಹೋಗಿ ಬರ್ತೀನಿ!"

ಯಮನಪ್ಪ ಉಂಡ ಕೈಯಲ್ಲೇ ಎದ್ದು ಓಡಿದ. ಓಣಿಯ ನಡುವೆ ಹೆಂಡತಿಯ ತಲೆಯ ಮೇಲಿಂದ ಟ್ರಂಕು ಇಳಿಸಿಕೊಂಡು, ಕೈಯಿಂದ ಪಾಸ್‌ಪೋರ್ಟು ಕಿತ್ತುಕೊಂಡು, ಅದೇ ಲುಂಗಿಯಲ್ಲಿ ಗಾಡಿ ಹತ್ತಿದ.