ಟೇಸ್ಟಿಂಗ್ ಪೌಡರಿನ ವಕೀಲ

ನನ್ನ ಸೋದರಮಾವನಂಥ ಅಪಾಯಕಾರಿ ಮನುಷ್ಯ ಚಾಮರಾಜಪೇಟೆಯಲ್ಲಿ ಇನ್ನೊಬ್ಬರಿಲ್ಲ! ಚಾಕು ಚೂರಿ ಹಿಡಿದವರಲ್ಲ. ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟು ನಿವೃತ್ತರಾದವರು. ಅಪಾಯ ಇರುವುದು ಅವರ ಪಕ್ಕ ಕೂತು ಉಣ್ಣುವುದರಲ್ಲಿ.

ಮನೆ ಹತ್ತಿರದ ದರ್ಶಿನಿಯೊಂದು ‘ಇಲ್ಲಿ ಟೇಸ್ಟಿಂಗ್ ಪೌಡರ್ ಬಳಸುವುದಿಲ್ಲ’ ಎಂದು ಬೋರ್ಡ್ ಹಾಕಿತು. ಮಾವ ನೇರ ಗಲ್ಲಾದ ಮುಂದೆ ನಿಂತರು.

“ಸಾಂಬಾರಿಗೆ ಟೊಮೇಟೊ ಹಾಕ್ತೀರಾ?”

“ಹಾಕ್ದೆ ಇರ್ತೀವಾ ಸಾರ್?”

“ಹಾಗಾದ್ರೆ ಗ್ಲುಟಮೇಟ್ ಹಾಕ್ತೀರಿ. ಟೊಮೇಟೊದಲ್ಲಿರೋದೂ ಅದೇ, ಆ ಪೌಡರಲ್ಲಿರೋದೂ ಅದೇ. ಜೊತೆಗೊಂದು ಸೋಡಿಯಂ ಅಂಟ್ಕೊಂಡಿರತ್ತೆ, ಅಷ್ಟೆ. ಬೋರ್ಡ್ ತೆಗೀರಿ!”

“ಸಾರ್, ಹಿಂದೆ ಕ್ಯೂ ಇದೆ. ಇಡ್ಲಿನೋ, ವಡೆನೋ?”

ಬೋರ್ಡು ಅಲ್ಲೇ ಉಳಿಯಿತು. ಮಾವ ಹಸಿದು ಮನೆಗೆ ಬಂದರು.

ನನ್ನ ತಂಗಿಯ ಮಗುವಿನ ನಾಮಕರಣದಲ್ಲಿ ಇನ್ನೂ ಚೆಂದ. ಪಾಯಸ ಬಡಿಸುವ ಹೊತ್ತಿಗೆ ಮಾವ ಗಟ್ಟಿಯಾಗಿ, “ತಾಯಿ ಹಾಲಲ್ಲೂ ಧಾರಾಳವಾಗಿರತ್ತೆ ಕಣ್ರೀ ಗ್ಲುಟಮೇಟು! ಮಗು ದಿನಕ್ಕೆ ಎಂಟು ಸಲ ಕುಡೀತಿದೆ, ಏನಾಗಿದೆ ಹೇಳಿ?” ಬೀಗರ ಕಡೆಯ ಹಿರಿಯರೊಬ್ಬರು ಊಟ ಬಿಟ್ಟು ಎದ್ದರು. ಇಬ್ಬರು ಎನ್ನುತ್ತಾಳೆ ತಂಗಿ. ಪ್ರತಿ ಸಲ ಹೇಳುವಾಗಲೂ ಒಬ್ಬರು ಹೆಚ್ಚಾಗುತ್ತಾರೆ. ನಮ್ಮ ನೆನಪುಗಳನ್ನು ನಾನು ನಂಬುವುದಿಲ್ಲ. ಆದರೆ ಮುಂದಿನದನ್ನು ಮರೆಯುವ ಅನುಕೂಲ ನನಗಿಲ್ಲ.

ಹೋದ ವರ್ಷ, ಅತ್ತೆಯ ಹೃದಯ ದುರ್ಬಲವಾಗಿದೆ, ಉಪ್ಪು ತೀರಾ ಕಡಿಮೆ ಮಾಡಿ ಎಂದರು ಡಾಕ್ಟರು. ಅಡುಗೆಗೆ ಮಾವನೇ ನಿಂತರು. “ಸುಣ್ಣ ತಿಂದ ಹಾಗಿದೆ” ಎಂದು ಅತ್ತೆ ತಟ್ಟೆ ತಳ್ಳುತ್ತಿದ್ದರು. ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದರು. ಆಮೇಲೆ ಇದ್ದಕ್ಕಿದ್ದಂತೆ ಎರಡೆರಡು ಸಲ ಅನ್ನ ಹಾಕಿಸಿಕೊಳ್ಳತೊಡಗಿದರು! ನಾವು ಗಣಪತಿಗೆ ಬೆಣ್ಣೆ ಅಲಂಕಾರ ಮಾಡಿಸಿದೆವು. ಕೆಲಸ ಗಣಪತಿಯದ್ದಲ್ಲ ಎಂದು ತಿಳಿದದ್ದು, ಅತ್ತೆಯ ಆರೈಕೆಗೆ ಬಂದಿದ್ದ ತಂಗಿಗೆ ಇಂಗಿನ ಡಬ್ಬಿಯಲ್ಲಿ ಬಿಳಿ ಹರಳು ಸಿಕ್ಕಾಗ.

“ಏನ್ ಮಾವ, ಅತ್ತೆ ಏನು ನಿಮ್ಮ ಲ್ಯಾಬಿನ ಇಲೀನಾ?” ನಾನು ಕೂಗಾಡಿದೆ.

“ಉಪ್ಪಲ್ಲಿರೋ ಸೋಡಿಯಂನ ಮೂರನೇ ಒಂದು ಭಾಗ ಕಣೋ ಇದ್ರಲ್ಲಿರೋದು. ತೂಕ ಮಾಡಿ ಹಾಕ್ತಿದೀನಿ. ಅವಳು ಉಣ್ತಿದಾಳೆ, ಕಾಣಲ್ವಾ?”

“ಅದು ವಿಷ!”

“ಯಾರು ಹೇಳಿದ್ದು?”

“ಎಲ್ಲರೂ!”

ಡಬ್ಬಿಯನ್ನು ಸಿಂಕಿಗೆ ಸುರಿದವನು ನಾನೇ. ತಂಗಿ ಸುರಿದಳು ಎಂದು ಮೊದಲು ಬರೆದು, ಹೊಡೆದು ಹಾಕಿದ್ದೇನೆ.

ಮಾರನೆಯ ದಿನದಿಂದ ಅತ್ತೆಯ ತಟ್ಟೆ ತುಂಬಿಕೊಂಡೇ ವಾಪಸು ಬರತೊಡಗಿತು. ತಿಂಗಳ ನಂತರ ಡಾಕ್ಟರ ಮುಂದೆ ಮಾವನ ಮೇಲೆ ಚಾಡಿ ಹೇಳಿದೆ. ಅವರು ಅಳತೆ ವಿಚಾರಿಸಿ, “ಅಷ್ಟಕ್ಕೆ ತೊಂದ್ರೆ ಇರ್ಲಿಲ್ಲ. ಉಣ್ತಿದ್ರಲ್ಲ, ಯಾಕೆ ನಿಲ್ಲಿಸಿದ್ರಿ?” ಎಂದರು. ಗೊತ್ತಿದ್ದ ಒಬ್ಬರ ಬಾಯಿ ಮುಚ್ಚಿಸಲು ಏನೂ ಗೊತ್ತಿಲ್ಲದ ನಾವು ಎಷ್ಟು ಜನ ಸೇರಿದ್ದೆವು!

ಪೌಡರಿನ ಪೊಟ್ಟಣ ಕೊಂಡು ಓಡಿದೆ. ಮಧ್ಯಾಹ್ನದ ಊಟದ ಹೊತ್ತು. ಮಾವ ಅತ್ತೆಯ ಮಂಚದ ಪಕ್ಕ ಕೂತು, ಅದೇ ಸಪ್ಪೆ ಸಾರನ್ನವನ್ನು ತಾವೂ ಉಣ್ಣುತ್ತಿದ್ದರು. ನಾನು ಡಬ್ಬಿ ಸುರಿದ ದಿನದಿಂದ ಅವರೂ ಉಪ್ಪು ಬಿಟ್ಟಿದ್ದಾರೆ ಎಂದು ತಂಗಿ ಬಾಗಿಲಲ್ಲೇ ಪಿಸುಗುಟ್ಟಿದಳು.

“ರುಚಿ ಇದೆಯೇನ್ರೀ?” ಅತ್ತೆ ಕೇಳಿದರು.

ಕೆಮಿಸ್ಟ್ರಿ ಮೇಷ್ಟ್ರು ಬೆರಳು ನೆಕ್ಕಿದರು.

“ಅಮೃತ ಕಣೇ. ನೀನೂ ಒಂದು ತುತ್ತು ನೋಡು.”

ಅತ್ತೆ ಬಾಯಿ ತೆರೆದರು.