ಕಾಯುವ ಭೂಮಿಯೂ ನಮ್ಮ ಬಚ್ಚಲಿನ ಮಂಗವೂ

ದೊಡ್ಡ ಚಿಂತೆ ಮಾಡುವುದರಲ್ಲಿ ಒಂದು ಸುಖವಿದೆ. ಅದಕ್ಕಾಗಿ ಎದ್ದು ಏನನ್ನೂ ಮಾಡಬೇಕಾಗಿಲ್ಲ. ಜೋಳದ ಹಿಟ್ಟು ತೀರಿತೆಂದು ನನ್ನ ಹೆಂಡತಿ ಚಿಂತೆ ಮಾಡಿದರೆ ನಾನು ಡಬ್ಬಿ ಹೊತ್ತು ಗಿರಣಿಗೆ ಹೋಗಬೇಕಾಗುತ್ತದೆ. ಧ್ರುವದ ಹಿಮ ಕರಗುತ್ತಿದೆಯೆಂದು ನಾನು ಚಿಂತೆ ಮಾಡಿದರೆ ಕುರ್ಚಿಯಿಂದ ಕಾಲು ಕೆಳಗಿಡುವ ಕಾರಣವೂ ಇಲ್ಲ. ಹೀಗಾಗಿ ನಾನು ಮೊದಲಿನಿಂದಲೂ ದೊಡ್ಡ ಚಿಂತೆಗಳ ಪಕ್ಷಪಾತಿ. ಎಪ್ಪತ್ತರ ದಶಕದ ಕೊನೆಗೆ ಆಕಾಶದಿಂದ ಯಾವುದೋ ಯಂತ್ರ ಬೀಳುತ್ತದೆಂದು ಜಗತ್ತು ಹೆದರಿದಾಗ ನಾನು ಒಂದು ವಾರ ಕೊಡೆ ಹಿಡಿದೇ ಓಡಾಡಿದ್ದೆ. ಅದು ದೂರದ ಸಮುದ್ರದ ಕಡೆಗೆ ಹೋಗಿ ಬಿದ್ದಿತು. ಆಮೇಲೆ ಕೆಲವು ವರ್ಷ ಹೇಳಿಕೊಳ್ಳುವಂಥ ಚಿಂತೆ ಸಿಕ್ಕಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಸಿಕ್ಕಿತು ನೋಡಿ, ಎಲ್ಲಕ್ಕಿಂತ ದೊಡ್ಡದು.

ಆಗ ನಾನು ಬಾದಾಮಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವಾಚನಾಲಯದಲ್ಲಿ ಮುಖಪುಟ ಹರಿದ ಒಂದು ಇಂಗ್ಲಿಷ್ ಮಾಸಿಕ ಕೈಗೆ ಬಂತು. ಮನುಷ್ಯ ಸುಟ್ಟ ಕಲ್ಲಿದ್ದಲು, ಎಣ್ಣೆಗಳ ಹೊಗೆ ಭೂಮಿಗೆ ಕೌದಿ ಹೊದಿಸಿದಂತೆ ಕವಿಯುತ್ತಿದೆ, ಒಳಗೆ ಬಂದ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ, ಹಿಮ ಕರಗಿ ಸಮುದ್ರ ಏರುತ್ತದೆ, ಹಕ್ಕಿಗಳೂ ಪ್ರಾಣಿಗಳೂ ಮೊದಲು ಹೋಗುತ್ತವೆ, ಹಿಂದಿನಿಂದ ಮನುಷ್ಯನೂ ಹೋಗುತ್ತಾನೆ ಎಂದು ಅದರಲ್ಲಿ ಬರೆದಿತ್ತು. ಮೂರು ಸಲ ಓದಿದೆ. ಸಂಜೆಯಾದರೂ ಕೆಂಪು ಬಂಡೆಗಳು ಒಲೆಯ ಹಾಗೆ ಝಳ ಬಿಡುವ ಊರಿನಲ್ಲಿ ಇದ್ದವರಿಗೆ ಇದನ್ನು ನಂಬಲು ಕಷ್ಟವೇನಿಲ್ಲ. ಮನೆಗೆ ಓಡಿಬಂದು ಹೆಂಡತಿ ಸರೋಜಾಳಿಗೆ ಎಲ್ಲವನ್ನೂ ವಿವರಿಸಿದೆ. ಆಕೆ ಮೊರದಲ್ಲಿ ಬೇಳೆ ಆರಿಸುತ್ತ ಕೇಳಿಕೊಂಡಳು.

“ಕೌದಿ ಯಾರು ಹೊಚ್ಚ್ಯಾರೋ ಅವರ ತಗೀಲಿ ಬಿಡ್ರಿ. ನೀವು ಮೊದಲ ಮಾಳಿಗಿ ಮ್ಯಾಲಿನ ಸಂಡಿಗಿ ತಗೊಂಡು ಬರ್ರಿ, ಮಂಗ್ಯಾ ಬಂದಾವು” ಎಂದಳು.

ವಿಜ್ಞಾನಕ್ಕೆ ಮನೆಯಲ್ಲಿ ಬೆಲೆಯಿಲ್ಲವೆಂದು ಶಾಲೆಗೆ ಒಯ್ದೆ. ಪಠ್ಯಪುಸ್ತಕದಲ್ಲಿ ಇಲ್ಲದ ಪಾಠವೆಂದರೆ ಹುಡುಗರಿಗೂ ಖುಷಿ, ಪರೀಕ್ಷೆಯಲ್ಲಿ ಬರುವುದಿಲ್ಲವಲ್ಲ. ಸಮುದ್ರ ಏರುತ್ತದೆ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದುನಿಂತ.

“ಸರ್, ಸಮುದ್ರ ನಮ್ಮ ಬಾದಾಮಿ ತನಕಾ ಬರ್ತೈತೇನ್ರಿ?”

“ಇಲ್ಲಿ ತನಕ ಬರಲಿಕ್ಕಿಲ್ಲಪಾ.”

“ಬಂದ್ರ ಛಲೋ ಇತ್ರಿ ಸರ್. ನಮ್ಮ ಓಣ್ಯಾಗ ನಳಾ ಬಂದು ನಾಕು ದಿನಾ ಆತ್ರಿ.”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆ ಬೇಸರವಾಯಿತು. ಮನುಕುಲ ಮುಳುಗುತ್ತಿರುವಾಗ ಇವರಿಗೆ ನಳದ ಚಿಂತೆ.

ಇಲ್ಲಿ ಒಂದು ಗುಟ್ಟನ್ನು ಹೇಳಿಬಿಡಬೇಕು. ಜಗತ್ತಿನ ಪ್ರಾಣಿಗಳಿಗಾಗಿ ಕಣ್ಣೀರು ತಂದುಕೊಂಡು ಮಾತಾಡುತ್ತಿದ್ದ ನಾನು ಮಂಗಗಳಿಗೆ ಹೆದರುತ್ತೇನೆ. ಬಾದಾಮಿಯಲ್ಲಿದ್ದು ಮಂಗಕ್ಕೆ ಹೆದರುವುದೆಂದರೆ ಶಾಲೆಯಲ್ಲಿದ್ದು ಹುಡುಗರಿಗೆ ಹೆದರಿದಂತೆ. ದಿನ ತಳ್ಳಬಹುದು, ಮರ್ಯಾದೆ ಉಳಿಯುವುದಿಲ್ಲ. ಸರೋಜಾ ಹಾಗಲ್ಲ. ಹಪ್ಪಳ, ಸಂಡಿಗೆ, ಶಾವಿಗೆಗಳ ಸಲುವಾಗಿ ಪ್ರತಿ ಬೇಸಿಗೆಯಲ್ಲೂ ಆಕೆಗೂ ಅವುಗಳಿಗೂ ಮಾಳಿಗೆಯ ಮೇಲೆ ಯುದ್ಧ. ಆಕೆ ಬೈಯುತ್ತಿದ್ದಳು, ಅವು ಹಲ್ಲು ಕಿಸಿಯುತ್ತಿದ್ದವು, ಇಬ್ಬರಿಗೂ ಅದರಿಂದ ಸಮಾಧಾನವಾಗುತ್ತಿದ್ದಂತಿತ್ತು.

ಆ ವರ್ಷ ಬಿಸಿಲು ಬೇಗ ಬಂತು. ಗುಡ್ಡದ ಬಂಡೆಗಳ ನಡುವಿನ ದೊಣೆಗಳಲ್ಲಿ ನಿಂತ ನೀರು ಬತ್ತಿತು. ಮರಿ ಹುಟ್ಟಿ ಹೆಚ್ಚು ದಿನವಾಗಿರದ ಒಂದು ಹೆಣ್ಣು ಮಂಗ ನಮ್ಮ ಹಿತ್ತಲಿನ ಬಚ್ಚಲಮನೆಗೆ ಬರಲು ಶುರುಮಾಡಿತು. ಕಲ್ಲಿನ ಗೋಡೆ, ತಗಡಿನ ಮಾಡು, ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ. ಬೆಳಗಿನ ಹೊತ್ತು ಒದ್ದೆ ನೆಲ ತಂಪಾಗಿರುತ್ತಿತ್ತು. ಅದು ಮರಿಯನ್ನು ಹೊಟ್ಟೆಗೆ ಅವಚಿಕೊಂಡು ತೊಟ್ಟಿಯ ಬದಿಗೆ ಮಲಗಿಬಿಡುತ್ತಿತ್ತು. ಸರೋಜಾ ಬಾಗಿಲಲ್ಲಿ ನಿಂತು, “ಏಳ್ ನಮ್ಮವ್ವಾ, ಜಳಕಾ ಮಾಡಬೇಕು” ಎಂದರೆ ಅದು ಎದ್ದು ಹೋಗುತ್ತಿತ್ತು. ನಾನು ಹೋದರೆ ಏಳುತ್ತಿರಲಿಲ್ಲ. ಕೋಲು ಹಿಡಿದು ಹೋದ ದಿನ ಹಲ್ಲು ತೋರಿಸಿತು. ನಾನು ಕೋಲನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಅದನ್ನು ಇಡುವುದಕ್ಕೇ ಬಂದಿದ್ದೆನೆಂಬಂತೆ ತಿರುಗಿ ಬಂದೆ.

ಒಂದು ಶನಿವಾರ ಸರೋಜಾ ಮಗಳ ಕುಪ್ಪಸಕ್ಕೆ ಖಣ ತರಲು ಬೆಳಗಿನ ಮೊದಲ ಬಸ್ಸಿಗೆ ಗುಳೇದಗುಡ್ಡಕ್ಕೆ ಹೋದಳು. ಮಗಳೂ ಜೊತೆಗೆ ಹೋದಳು. ನನಗೆ ಬೆಳಗಿನ ಶಾಲೆ. ತೊಟ್ಟಿಯ ತಳದಲ್ಲಿ ಉಳಿದಿದ್ದ ಎರಡು ಬಕೀಟು ನೀರನ್ನು ಬಳಿದು ಸ್ನಾನ ಮುಗಿಸಿ ಬಂದು ಅಂಗಿ ಹಾಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಂಗ ಮರಿಯೊಂದಿಗೆ ಒಳಗೆ ಹೋದದ್ದು ಕಂಡಿತು. ಮನೆಯಲ್ಲಿ ಯಾರೂ ಇಲ್ಲ, ಅಡಿಗೆಮನೆಯ ಹಿಂದಿನ ಬಾಗಿಲಿಗೆ ಸರಿಯಾದ ಅಗುಳಿಯಿಲ್ಲ; ಇದು ಒಳಗೆ ನುಗ್ಗಿದರೆ? ತುದಿಗಾಲಲ್ಲಿ ಹೋಗಿ ಬಚ್ಚಲಿನ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿಬಿಟ್ಟೆ. ಶಾಲೆ ಹನ್ನೊಂದಕ್ಕೆ ಬಿಡುತ್ತದೆ. ಬಂದು ಪಕ್ಕದ ಮನೆಯ ಹುಸೇನಸಾಬರನ್ನು ಕರೆದು ತೆಗೆಸಿದರಾಯಿತು ಎಂದುಕೊಂಡೆ. ಜಾಣತನದ ಕೆಲಸ ಮಾಡಿದೆನೆಂದು ದಾರಿಯುದ್ದಕ್ಕೂ ಹೆಮ್ಮೆಯಾಗಿತ್ತು.

ಹನ್ನೊಂದಕ್ಕೆ ಶಾಲೆ ಬಿಟ್ಟಿತು. ಆದರೆ ಆ ದಿನ ಮಾಸ್ತರರ ಕೋಣೆಯಲ್ಲಿ, ಭೂಮಿ ಕಾಯುವುದು ನಿಜವೋ ಸುಳ್ಳೋ ಎಂಬ ವಾದ ಎದ್ದಿತು. ಗಣಿತದ ಮಾಸ್ತರರು ಸುಳ್ಳೆಂದರು. ನನ್ನ ರಕ್ತ ಕುದಿಯಿತು. ಕಪ್ಪು ಹಲಗೆಯ ಮೇಲೆ ಭೂಮಿ ಬರೆದೆ, ಸುತ್ತ ಕೌದಿ ಬರೆದೆ, ಒಳಗೆ ಬಾಣ ಬಿಟ್ಟೆ. ಓಡಿಹೋಗಲು ಜಾಗವಿಲ್ಲದ ಪ್ರಾಣಿಗಳ ಗತಿ ಏನೆಂದು ಕೇಳಿದೆ. ಚಹಾ ತರಿಸಿದರು, ಕುಡಿದು ಮತ್ತೆ ಮುಂದುವರಿಸಿದೆ. ಗಣಿತದ ಮಾಸ್ತರರು ಸೋತು ಮನೆಗೆ ಹೊರಟಾಗ ಗಡಿಯಾರದಲ್ಲಿ ಒಂದೂವರೆ. ಆಗಲೂ ನನಗೆ ನೆನಪಾಗಲಿಲ್ಲ. ನೆನಪಾದದ್ದು ನಮ್ಮ ಓಣಿಯ ತಿರುವಿನಲ್ಲಿ, ನಮ್ಮ ಮನೆಯ ಮಾಳಿಗೆಯ ಮೇಲೆ ಊರಿನ ಮಂಗಗಳೆಲ್ಲ ಸೇರಿದ್ದನ್ನು ಕಂಡಾಗ.

ಗೋಡೆಯ ಮೇಲೆ, ಬೇವಿನ ಮರದ ಮೇಲೆ, ಬಚ್ಚಲಿನ ತಗಡಿನ ಮೇಲೆ ಎಲ್ಲೆಲ್ಲೂ ಮಂಗ. ತಗಡು ಎಷ್ಟು ಕಾದಿತ್ತೆಂದರೆ ಅದರ ಮೇಲೆ ಇಳಿದವು ನಿಲ್ಲಲಾರದೆ ಜಿಗಿಯುತ್ತಿದ್ದವು, ಮತ್ತೆ ಇಳಿಯುತ್ತಿದ್ದವು. ಹುಸೇನಸಾಬರು ತಮ್ಮ ಹಿತ್ತಲಿನ ಗೋಡೆಯ ಆಚೆ ನಿಂತು ಉದ್ದನ್ನ ಗಳ ಚಾಚಿ ನಮ್ಮ ಚಿಲಕವನ್ನು ಸರಿಸಲು ಒದ್ದಾಡುತ್ತಿದ್ದರು.

“ಮಾಸ್ತರ, ಒಳಗ ಏನೈತ್ರಿ? ಮುಂಜಾನಿಂದ ಬಾಗಲಾ ಬಡದು ಬಡದು, ಈಗ ಒಂದ್ ತಾಸಾತು, ಸಪ್ಪಳನ ಇಲ್ಲ!”

“ಮಂಗ್ಯಾ ಐತ್ರಿ. ಮರಿ ಸೈತ.”

“ಯಾರು ಹಾಕಿದ್ರು ಚಿಲಕಾ?”

ನಾನು ಬೇವಿನ ಮರದ ಕಡೆ ನೋಡಿದೆ. ಎರಡು ಹೆಜ್ಜೆ ಮುಂದಿಟ್ಟೆ. ಒಂದು ದೊಡ್ಡ ಗಂಡು ಮಂಗ ಗೋಡೆಯಿಂದ ನನ್ನೆದುರಿಗೇ ಧುಮುಕಿತು. ಮೂರು ಹೆಜ್ಜೆ ಹಿಂದೆ ಬಂದೆ. ಮತ್ತೆ ಮುಂದಿಟ್ಟೆ, ಮತ್ತೆ ಬಂದೆ. ಹನ್ನೆರಡು ಹೆಜ್ಜೆಯ ಹಿತ್ತಲು. ನಗು ಬರುವಂಥ ದೃಶ್ಯವೇ ಇರಬೇಕು, ಹುಸೇನಸಾಬರು ಮಾತ್ರ ನಗಲಿಲ್ಲ. ಒಳಗೆ ಒಂದು ಹನಿ ನೀರಿಲ್ಲ, ಇದ್ದದ್ದನ್ನು ನಾನೇ ಮೈಮೇಲೆ ಸುರಿದುಕೊಂಡಿದ್ದೆ. ಆ ಮರಿಯ ಮುಖ ಹಸುಳೆಯ ಹಾಗೆ ಸುಕ್ಕುಸುಕ್ಕಾಗಿತ್ತು ಎಂಬುದೊಂದೇ ನನಗೆ ನೆನಪಾಗುತ್ತಿತ್ತು.

ಆ ಹೊತ್ತಿಗೆ ಸರೋಜಾ ಖಣದ ಗಂಟು ಹಿಡಿದು ಮಗಳೊಂದಿಗೆ ಬಂದಳು. ಏನಾಗಿದೆಯೆಂದು ಹುಸೇನಸಾಬರು ಒಂದೇ ಮಾತಿನಲ್ಲಿ ಹೇಳಿದರು. ಆಕೆ ನನ್ನನ್ನು ಒಮ್ಮೆ ನೋಡಿದಳು. ಗಂಟನ್ನು ನನ್ನ ಕೈಗೆ ಕೊಟ್ಟಳು. ಅಡಿಗೆಮನೆಯಿಂದ ಕುಡಿಯುವ ನೀರಿನ ಕೊಡ ಸೊಂಟಕ್ಕೇರಿಸಿಕೊಂಡು, ಸೆರಗು ಬಿಗಿದು, ದಿನಾ ಸಂಡಿಗೆಯ ಹತ್ತಿರ ಬೈಯುವ ದನಿಯಲ್ಲೇ ಬೈಯುತ್ತ ನಡೆದಳು.

“ಸರೀರ್ಲೇ ಹಾಟ್ಯಾನವ್ರ! ನಿಮ್ಮ ಮಗಳನ್ನ ತಗ್ಯಾಕ ಬಂದೇನಿ, ಸರೀರಿ ಅತ್ಲಾಗ!”

ಆ ದೊಡ್ಡ ಗಂಡು ಮಂಗ ಸರಿಯಿತು. ನನಗೆ ಇಂದಿಗೂ ತಿಳಿಯದ ವಿಜ್ಞಾನ ಅದು. ಆಕೆ ಚಿಲಕ ತೆಗೆದು ಬಾಗಿಲ ಮರೆಗೆ ಸರಿದು ನಿಂತಳು. ಒಳಗಿನಿಂದ ಬಂದ ಝಳ ಹಿತ್ತಲಿನ ಈಚೆ ಕಡೆಗಿದ್ದ ನನ್ನ ಮುಖಕ್ಕೂ ತಾಗಿದಂತಾಯಿತು. ಬಹಳ ಹೊತ್ತು ಏನೂ ಹೊರಗೆ ಬರಲಿಲ್ಲ. ಆಮೇಲೆ ತಾಯಿ ತೆವಳಿದಂತೆ ಬಂತು. ಮರಿ ಅದರ ಎದೆಗೆ ಅಂಟಿರಲಿಲ್ಲ, ಒಂದು ಕೈಯಲ್ಲಿ ಒದ್ದೆ ಬಟ್ಟೆಯಂತೆ ಜೋಲುತ್ತಿತ್ತು.

ಸರೋಜಾ ತಂಬಿಗೆಯಲ್ಲಿ ನೀರು ತುಂಬಿ ದೂರದಿಂದಲೇ ಚಿಮುಕಿಸತೊಡಗಿದಳು. ತಾಯಿ ನೆಲದ ನೀರನ್ನು ನೆಕ್ಕಿತು. ಮರಿಯ ಬಾಯಿಯನ್ನು ನೆಕ್ಕಿತು. ಗೋಡೆಯ ಮೇಲಿದ್ದವೆಲ್ಲ ಸುಮ್ಮನಾದವು. ಕೊಡ ಬರಿದಾಯಿತು. “ನೀರು” ಎಂದಳು ಸರೋಜಾ, ಹಿಂದೆ ನೋಡದೆ. ನಾನು ಹುಸೇನಸಾಬರ ಮನೆಗೆ ಓಡಿದೆ. ಅವರ ಹೆಂಡತಿ ಅಂದಿನ ಅಡಿಗೆಗೆಂದು ಇಟ್ಟಿದ್ದ ನೀರನ್ನೇ ಬಗ್ಗಿಸಿಕೊಟ್ಟರು. ಎಷ್ಟು ಸಲ ಓಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಬರುವಾಗ, ಇಷ್ಟರಲ್ಲಿ ಅದು ಸತ್ತಿರುತ್ತದೆ ಎಂದುಕೊಂಡೇ ಬರುತ್ತಿದ್ದೆ. ಬಿಸಿಲು ಬೇವಿನ ಮರದಾಚೆ ಇಳಿಯುವ ಹೊತ್ತಿಗೆ ಮರಿಯ ಒಂದು ಕೈ ಎದ್ದು ತಾಯಿಯ ಕೂದಲು ಹಿಡಿಯಿತು. ಹುಸೇನಸಾಬರು ಗೋಡೆಯಾಚೆಯಿಂದ, “ಯಾ ಅಲ್ಲಾ” ಎಂದರು. ಸರೋಜಾ ಸೆರಗಿನಿಂದ ಮುಖ ಒರೆಸಿಕೊಂಡಳು. ಮರಿ ಎದೆಗೆ ಅಂಟಿದ ಮೇಲೆ ತಾಯಿ ನಿಧಾನವಾಗಿ ಗೋಡೆ ಹತ್ತಿತು. ಹಿಂಡೆಲ್ಲ ಅದರ ಹಿಂದೆ ಗುಡ್ಡದ ಕಡೆಗೆ ಹೋಯಿತು. ನಮ್ಮ ಬಚ್ಚಲಿಗೆ ಅದು ಮತ್ತೆ ಬರಲಿಲ್ಲ. ಸರೋಜಾ ಹಿತ್ತಲಿನಲ್ಲಿ ಒಂದು ಕಲ್ಲಿನ ಡೋಣಿ ಇಟ್ಟು ದಿನಾ ನೀರು ತುಂಬುತ್ತಿದ್ದಳು; ಬೇರೆಯವು ಬಂದು ಕುಡಿದವು, ಆ ತಾಯಿಯೊಂದನ್ನು ಬಿಟ್ಟು.

ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ವಾದ ಮಾಡಿ ಗೆಲ್ಲುತ್ತಿದ್ದೆ. ನಾಲ್ಕು ದಿನ ರೊಟ್ಟಿ ಬಡಿಸಿದಳು, ಬೇಕೇ ಎಂದು ಕೇಳಲಿಲ್ಲ. ಐದನೆಯ ದಿನ, “ಪಲ್ಯಾ ಹಾಕ್ಲ್ಯಾ?” ಎಂದಾಗ ನನ್ನ ಕಣ್ಣು ತುಂಬಿತು, ತಪ್ಪನ್ನು ಮೆಣಸಿನಕಾಯಿಯ ಮೇಲೆ ಹಾಕಿದೆ.

ಮೇ ತಿಂಗಳಲ್ಲಿ ಹುನಗುಂದದಲ್ಲಿ ಮಾಸ್ತರರ ಒಂದು ಶಿಬಿರ ನಡೆಯಿತು. ಭೂಮಿ ಕಾಯುವ ವಿಷಯ ಬಲ್ಲವನು ಈ ಕಡೆ ನಾನೊಬ್ಬನೇ ಎಂದು ಸುದ್ದಿಯಾಗಿತ್ತು, ಭಾಷಣಕ್ಕೆ ಕರೆದರು. ಇಳಕಲ್ಲಿನಲ್ಲಿ ತವರುಮನೆಯಿದ್ದ ಸರೋಜಾಳೂ ಹೊರಟಳು, ಭಾಷಣ ಮುಗಿಸಿಕೊಂಡು ಅಲ್ಲಿಗೆ ಹೋಗುವುದೆಂದು. ಭಾಷಣ ಚೆನ್ನಾಗಿಯೇ ಆಯಿತೆಂದು ನನ್ನ ನಂಬಿಕೆ. ಕೊನೆಯಲ್ಲಿ, ಇದಕ್ಕೆಲ್ಲ ಕಾರಣ ಯಾರು ಎಂದು ಗುಡುಗಿದೆ. ದೊಡ್ಡ ದೇಶಗಳ ಕಾರಖಾನೆಗಳೆಂದೆ, ಮೋಟಾರುಗಳೆಂದೆ, ಕಾಡು ಕಡಿಯುವವರೆಂದೆ. ಚಪ್ಪಾಳೆ ಬಿತ್ತು, ಹಾರ ಹಾಕಿದರು.

ಇಳಕಲ್ಲಿನ ಬಸ್ಸಿನಲ್ಲಿ ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದೆ: “ಹ್ಯಾಂಗಾತು ಭಾಷಣ?”

“ಭಾಳ ಛಲೋ ಆತ್ರಿ” ಎಂದಳು. ಸ್ವಲ್ಪ ದೂರ ಹೋದಮೇಲೆ ಕಿಟಕಿಯ ಹೊರಗೆ ನೋಡುತ್ತ, “ಎಲ್ಲಾರ ಹೆಸರೂ ಹೇಳಿದ್ರಿ. ಒಬ್ಬರದಷ್ಟ ಬಿಟ್ರಿ” ಎಂದಳು.

ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ತಲೆ ವಾಲಿಸಿದೆ. ಆ ಉರಿಬಿಸಿಲಿನಲ್ಲಿ, ಹಾದಿಯ ಕುಣಿಗಳಿಗೆಲ್ಲ ಕುಣಿಯುತ್ತಿದ್ದ ಆ ಬಸ್ಸಿನಲ್ಲಿ ಯಾವ ಮನುಷ್ಯನಿಗೂ ನಿದ್ದೆ ಬರುವುದು ಶಕ್ಯವಿಲ್ಲವೆಂದು ಆಕೆಗೂ ಗೊತ್ತಿತ್ತು. ಇಳಕಲ್ಲು ಬರುವವರೆಗೆ ಆಕೆ ನನ್ನನ್ನು ಎಬ್ಬಿಸಲಿಲ್ಲ.